ನಾಲೆ ಬಾ

ಮಂಡ್ಯದಲ್ಲಿ ಸೆಕೆಂಡ್ ಶೋ. ಬಾಲ್ಕನಿಯಲ್ಲಿ ನಾವು ಮೂವರು:
ಅವ್ವ, ನಾನು, ತುದಿಯ ಸೀಟಿನಲ್ಲಿ ಅಪ್ಪ.
ಟಿಕೆಟ್ಟು ತಂದವಳು ನಾನೇ, ನಗಿಸುವ ಸಿನಿಮಾ ಅಂದುಕೊಂಡು.
ಪೋಸ್ಟರಿನಲ್ಲಿ ಹಲ್ಲು ಬಿಟ್ಟು ನಿಂತ ಹುಡುಗ
ಸತ್ತವನೆಂದು ಹೇಗೆ ತಿಳಿಯಬೇಕು?

ಹೆಸರು ಬರುವ ಮೊದಲೇ ಮಗು ಬಾವಿಗೆ ಬಿತ್ತು.
ಅವ್ವ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ,
ತಿನ್ನುವುದನ್ನು ನಿಲ್ಲಿಸಿದಳು.
ಮಡಿಲಲ್ಲಿ ಬೀಜದ ಗುಡ್ಡೆ ಬೆಳೆಯುತ್ತ ಹೋಯಿತು.

ಆಮೇಲೆ ಎಲ್ಲ ಇರಬೇಕಾದ ಹಾಗೇ ಇತ್ತು:
ತಾನೇ ತೂಗುವ ಉಯ್ಯಾಲೆ,
ಕನ್ನಡಿಯಲ್ಲಿ ಒಂದು ಮುಖ ಹೆಚ್ಚು,
ನಡುರಾತ್ರಿ ಅಡುಗೆಮನೆಯಲ್ಲಿ ತೊಟ್ಟಿಕ್ಕುವ ನಲ್ಲಿ.
ತಟ್.
ತಟ್.
ಇಡೀ ಥಿಯೇಟರು ಉಸಿರು ಬಿಗಿಹಿಡಿದಾಗ
ಅಪ್ಪ ಎದ್ದು ನಿಂತ.
'ಯಾರ್ಲಾ ಅದು ನೀರು ಬುಟ್ಟೋನು? ನಿಲ್ಸ್ರೋ ಮೊದ್ಲು!'
ಹಿಂದಿನಿಂದ ಸಿಳ್ಳೆ, ನಗು.
'ಕೂತ್ಕೊ ಯಜಮಾನ, ದೆವ್ವನೇ ನಿಲ್ಲಿಸ್ತದೆ.'

ಇಪ್ಪತ್ತಾರು ವರ್ಷ ನೀರುಗಂಟಿ.
ತೂಬಿನ ಕಬ್ಬಿಣದ ತಿರುಗಣೆ ಅವನ ಅಂಗೈಯ
ಗೆರೆಗಳನ್ನೆಲ್ಲ ಉಜ್ಜಿ ಹಾಕಿದೆ;
ಕೈ ನೋಡಿ ಹೇಳುವವನೊಬ್ಬ ಒಮ್ಮೆ
ದುಡ್ಡು ವಾಪಸು ಕೊಟ್ಟು ಹೋಗಿದ್ದ.

ಇಂಟರ್ವಲ್ಲಿನಲ್ಲಿ ಅಪ್ಪ ಕಾಣಲಿಲ್ಲ.
ಶೌಚಾಲಯದ ಓಣಿಯಲ್ಲಿ, ಚಿಂದಿ ಸುತ್ತಿದ ನಲ್ಲಿಯನ್ನು
ಎರಡೂ ಕೈಯಲ್ಲಿ ತಿರುಪುತ್ತಿದ್ದ.
'ವಾಷರ್ ಹೋಗದೆ' ಅಂದ, ನನ್ನ ಮುಖ ನೋಡದೆ.
ಪಾಪ್‌ಕಾರ್ನ್ ಹಿಡಿದ ಹುಡುಗರು
ನಮ್ಮ ನಡುವೆಯೇ ದಾರಿ ಮಾಡಿಕೊಂಡು ಹೋದರು.

ಆ ಬೇಸಗೆ ಊರಿನ ಬಾಗಿಲುಗಳ ಮೇಲೆಲ್ಲ 'ನಾಳೆ ಬಾ'.
ರಾತ್ರಿ ಬಂದು ಗುರುತಿನ ದನಿಯಲ್ಲಿ ಕರೆಯುವವಳು
ಓದಿಕೊಂಡು ತಿರುಗಿ ಹೋಗಲೆಂದು.
ನಮ್ಮ ಬಾಗಿಲಿಗೆ ಬರೆದವನು ಮಾದೇಶ, ಎರಡನೇ ಕ್ಲಾಸು,
ಸ್ಕೂಲಿನಿಂದ ಕದ್ದ ಸೀಮೆಸುಣ್ಣ.
ಅವನ ನಾಲಿಗೆಗೆ ಳ ಹೊರಳುತ್ತಿರಲಿಲ್ಲ:
ಬಾಲೆಹಣ್ಣು, ಕೋಲಿಮರಿ, ಮಲೆ.
ಬರೆದದ್ದೂ ಹಾಗೇ.
ನಾಲೆ ಬಾ.
ನಾನು ಹೊಟ್ಟೆ ಹಿಡಿದು ನಕ್ಕೆ. ತಿದ್ದಲಿಲ್ಲ.

ಮುಂದಿನ ಮಂಗಳವಾರ ಬೆಳಿಗ್ಗೆ ಆರಕ್ಕೆ
ಆರ್ಡರಿನ ಪ್ರಕಾರ ಅಪ್ಪ ನೀರು ಬಿಟ್ಟ.
ಮೂರು ಮೈಲಿ ಕೆಳಗೆ, ಒಣಗಿದ ನಾಲೆಯ ಗುಂಡಿಯಲ್ಲಿ
ಮಾದೇಶ ಏಡಿ ಹಿಡಿಯುತ್ತಿದ್ದ.
ಇದರಲ್ಲಿ ಅವ್ವನ ಪಾಲಿನದು ಏನೆಂದು
ಇವತ್ತಿನವರೆಗೂ ಅವಳು ಹೇಳಿಲ್ಲ, ನಾವು ಕೇಳಿಲ್ಲ.

ಕೊನೆಗೆ ಬಂದೇ ಬಂತು ಅದು.
ಬಾವಿಯಿಂದೆದ್ದು, ಹೊಸ್ತಿಲಾಚೆ,
ಕೂದಲಿಂದ ನೀರು ಸುರಿಸುತ್ತ, ಬಿಳಿಚಿಕೊಂಡ ಕಣ್ಣು.
ಒಳಗೆ ಮಂತ್ರವಾದಿ ನಿಂಬೆಹಣ್ಣು ಕೊಯ್ದ,
ಹೆತ್ತವಳು ಬಾಗಿಲಿಗೆ ಬೆನ್ನು ಕೊಟ್ಟು ಚೀರಿದಳು,
ಮುಂದಿನ ಸಾಲಿನ ಗಂಡಸೂ ಚೀರಿದ.
ಅವ್ವ ನನ್ನ ಕಡೆ ಬಾಗಿ, ಬೇಸರದಲ್ಲಿ:
'ಒದ್ದೆ ತಲೇಲಿ ನಿಂತವ್ನೆ ಕಣವ್ವ,
ಅಷ್ಟು ಜನದಲ್ಲಿ ಒಬ್ರಾದ್ರೂ
ಟವೆಲು ಕೊಡಬಾರದಾ?'

ದೆವ್ವಕ್ಕೆ ಮುಕ್ತಿ ಸಿಕ್ಕಿತು. ಜನ ಚಪ್ಪಲಿ ಹುಡುಕಿಕೊಂಡರು.
ಹೊರಗೆ ಸಕ್ಕರೆ ಕಾರ್ಖಾನೆಯ ಹುಳಿ ವಾಸನೆ,
ಆಟೋದವನು ಡಬಲ್ ಕೇಳಿದ, ಅಪ್ಪ ಚೌಕಾಸಿ ಮಾಡಲಿಲ್ಲ.
ನಾಲೆಯ ಏರಿ ಬಂದಾಗ
ಮೂವರೂ ಬೇರೆ ಬೇರೆ ಕಡೆ ನೋಡಿದೆವು.

ಆ ರಾತ್ರಿ ನಮ್ಮ ಅಡುಗೆಮನೆಯಲ್ಲಿ
ತಟ್.
ಅಪ್ಪನ ಮಂಚ ಕಿರುಗುಟ್ಟಿತು, ಸುಮ್ಮನಾಯಿತು.
ಬಾಗಿಲ ಮೊಳೆಗೆ ಅವ್ವ ನೇತುಹಾಕಿದ್ದ ಟವೆಲು
ಕತ್ತಲಲ್ಲಿ ಬೆಳ್ಳಗೆ.
ತಟ್.
ಎದ್ದು ನಿಲ್ಲಿಸಲು ಯಾರೂ ಹೋಗಲಿಲ್ಲ.