ಮತ್ತೆ ಗಾಳಿ

ಗುಂಡಿ ಒತ್ತಿದರೆ ಟಕ್.
ಇನ್ನೊಮ್ಮೆ ಒತ್ತಿದರೆ ಇನ್ನೊಂದು ಟಕ್.
ಅಷ್ಟೇ ಮಾತು ಉಳಿದಿತ್ತು ಆ ಗ್ರೇಡರಿನ ಬಾಯಲ್ಲಿ;
ಪಟಗೋನಿಯಾದ ಜಲ್ಲಿರಸ್ತೆಯನ್ನು
ಅರವತ್ತು ವರ್ಷ ಬಾಚಿ ಬಾಚಿ
ಹಳದಿ ಬಣ್ಣವನ್ನೆಲ್ಲ ತುಕ್ಕಿಗೆ ಬಿಟ್ಟುಕೊಟ್ಟ ಯಂತ್ರ.

ಸ್ಟಾರ್ಟರ್ ಮೋಟಾರಿನ ಮೈತುಂಬ ಸುತ್ತಿಗೆಯ ತಗ್ಗು.
ಎಷ್ಟು ಚಳಿಗಾಲದ ಬೆಳಗು ಹೀಗೆ ಬಡಿದು ಎಬ್ಬಿಸಿದ್ದರೋ!
"ಇನ್ನು ಹೊಡೆಯಬೇಡಿ," ಅಂದಳು ನೇಲಿದಾ ಪೈನೆಫಿಲ್,
ರಸ್ತೆ ಇಲಾಖೆಯ ಶೆಡ್ಡಿಗೆ ಅವಳೊಬ್ಬಳೇ ಮೆಕ್ಯಾನಿಕ್,
"ಬಿಚ್ಚೋಣ."
ನಾನು ಟಾರ್ಚು ಹಿಡಿದೆ. ಹದಿನಾರರ ಹುಡುಗನಿಗೆ
ಕೊಡಬಹುದಾದ ಕೆಲಸ:
ಬೇಕಾದ ಜಾಗ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಬೆಳಕು ಬಿಡುವುದು.

ಮೂರನೆಯ ಬೋಲ್ಟು ಕಣ್ಣಿಗೆ ಕಾಣದು, ಬೆರಳಿಗಷ್ಟೇ ಕಾಣುವುದು.
ಅದೂ ಸಡಿಲವಾದಾಗ
ಮೂವತ್ತು ಕಿಲೋ ಕಬ್ಬಿಣ ಅವಳ ಎದೆಯ ಮೇಲೆ ಕೂತಿತು.
ಉಸಿರು ಹಿಡಿದೇ ನಕ್ಕಳು: "ಕುರಿಮರಿಯಲ್ಲ ಇದು, ಟಗರು."

ಬಾಗಿಲ ಪಕ್ಕ ಡಬ್ಬದ ಮೇಲೆ ಕೂತು
ಸೋರೆಬುರುಡೆಯಿಂದ ಕಹಿ ಕಷಾಯ ಹೀರುತ್ತಿದ್ದ
ಮುದುಕ ಔರೇಲಿಯೊ ಕಿಲಾಕೇವೊ
"ನನ್ನ ಕಾಲದಲ್ಲಿ ಅದನ್ನು ಯಾರೂ ಬಿಚ್ಚಿದ್ದಿಲ್ಲ," ಅಂದ.
ಮೂವತ್ತು ವರ್ಷ ಅವನೇ ಅದರ ಚಾಲಕ.
ಈ ಮಾತು ನಮಗೆಲ್ಲ ಬಾಯಿಪಾಠ.

ಹಿಂದಿನ ಮುಚ್ಚಳ ಎತ್ತಿದರೆ ಕಾಡಿಗೆಯಂಥ ಕರಿ.
ಕಾರ್ಬನ್ ಬ್ರಶ್ಶುಗಳು ಉಗುರಿನಷ್ಟು ಉಳಿದಿವೆ.
ಕಮ್ಯುಟೇಟರಿನ ತಾಮ್ರದಲ್ಲಿ ಅವು ನಡೆದ ದಾರಿ
ನಮ್ಮ ರಸ್ತೆಯ ಹಾಗೇ, ಬರೀ ತಗ್ಗು ದಿಣ್ಣೆ.
ಮುಚ್ಚಳದ ಒಳಮೈಯನ್ನು ಸೀಮೆಎಣ್ಣೆ ಹಾಕಿ ಉಜ್ಜಿದಳು.
ಮೊಳೆಯಿಂದ ಗೀಚಿದ ಅಕ್ಷರ ಮೇಲೆದ್ದವು:
ಔ. ಕಿ. ೧೯೭೧. ಗಾಳಿ.

ಗಾಳಿ! ಇಲ್ಲಿ ಯಾವ ದಿನ ಬೀಸದೆ ಇದ್ದೀತು
ಅದನ್ನು ಬರೆದಿಡಲು?
ಟಾರ್ಚು ತಾನಾಗಿ ಮುದುಕನ ಕಡೆ ತಿರುಗಿತು.
ಅವನು ಬುರುಡೆಯ ತಳ ನೋಡುತ್ತಿದ್ದ,
ಮುಗಿದ ಕಷಾಯವನ್ನೇ ಸೊರ್ರೆಂದು ಮತ್ತೆ ಎಳೆಯುತ್ತ.
ನೇಲಿದಾ ಏನೂ ಕೇಳಲಿಲ್ಲ. "ಬೆಳಕು ಇಲ್ಲಿ," ಅಂದಳು ನನಗೆ.

ಎರಡು ದಿನ.
ಮುರಿದ ಗರಗಸದ ಅಲಗಿನಿಂದ
ತಾಮ್ರದ ಪಟ್ಟಿಗಳ ನಡುವಿನ ಕಾಗೆಬಂಗಾರ ಕೆರೆದಳು,
ಹಲ್ಲಿನ ಸಂದಿಯಿಂದ ಮಾಂಸದ ಎಳೆ ತೆಗೆಯುವ ತಾಳ್ಮೆಯಲ್ಲಿ.
ಈ ಮೋಟಾರಿನ ಬ್ರಶ್ಶು ಈಗ ಯಾವ ಊರಲ್ಲೂ ಸಿಗದು;
ಕಲ್ಲಿದ್ದಲ ಗಣಿಯ ಹಳೇ ಇಂಜಿನ್ನಿನದನ್ನು ತಂದು
ಮರಳುಕಾಗದಕ್ಕೆ ತಿಕ್ಕಿ ಅಳತೆಗೆ ಇಳಿಸಿದಳು.
ಬುಶ್ಶಿಗೆ ಎಣ್ಣೆ. ಬೆಂಡಿಕ್ಸಿನ ಸ್ಪ್ರಿಂಗಿಗೆ ಬೇಡ,
"ಧೂಳು ತಿಂದು ಅಂಟಾಗುತ್ತದೆ, ನೆನಪಿಟ್ಟುಕೋ."
ಮುಚ್ಚುವ ಮುನ್ನ, ಆ ಹಳೇ ಸಾಲಿನ ಕೆಳಗೆ
ಅವಳೂ ಮೊಳೆ ಎತ್ತಿಕೊಂಡು ಗೀಚಿದಳು:
ನೇ. ಪೈ. ಮತ್ತೆ ಗಾಳಿ.

ನೆಲದ ಮೇಲಿಟ್ಟು ಬ್ಯಾಟರಿ ಮುಟ್ಟಿಸಿದಾಗ
ಮೋಟಾರು ಹೋರಿಯ ಹಾಗೆ ಜಿಗಿಯಿತು,
ಬೂಟುಗಾಲಲ್ಲಿ ಒತ್ತಿ ಹಿಡಿದಿರದಿದ್ದರೆ ಗೋಡೆಗೇ ಹೋಗುತ್ತಿತ್ತು.
ಟಾರ್ಚನ್ನು ಬಗಲಿಗೆ ಸಿಕ್ಕಿಸಿ ನಾನು ಚಪ್ಪಾಳೆ ತಟ್ಟಿದೆ.

ಮತ್ತೆ ಬೆನ್ನಡಿ ನೆಲ, ಮೂರು ಬೋಲ್ಟು, ತಂತಿ.
ಗುಂಡಿ ಒತ್ತಿದಳು.
ಟಕ್.

ಶೆಡ್ಡಿನ ತಗಡು ಮಾತ್ರ ಪಟಪಟ ಅನ್ನುತ್ತಿತ್ತು.
ನೇಲಿದಾ ಕೈ ಒರೆಸಿಕೊಂಡಳು, ಒರೆಸಿದ್ದನ್ನೇ ಒರೆಸಿಕೊಂಡಳು.

ಆಗ ಎದ್ದ ಔರೇಲಿಯೊ. ಮೊಣಕಾಲು ಒಂದೊಂದೇ ಮಡಿಸಿ
ಕೆಳಗೆ ತೂರಿ,
ಇಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯನ್ನು,
ನಾವಿಬ್ಬರೂ ನೋಡಿಯೂ ನೋಡದ ಅರ್ತಿಂಗನ್ನು ಬಿಚ್ಚಿದ.
ಅದರಡಿ ಬಣ್ಣ, ಬಣ್ಣದಡಿ ಹಸಿರು ಕಿಲುಬು.
ಕುರಿ ಸುಲಿಯುವ ಚಾಕುವಿನಿಂದ ಕೆರೆದ,
ಲೋಹ ಹೊಳೆಯುವ ತನಕ.

"ಎಪ್ಪತ್ತೊಂದರಲ್ಲೂ ಇದೇ ಆಗಿತ್ತು," ಅಂದ, ಕೆಳಗಿನಿಂದಲೇ,
ಮುಖ ಕಾಣದಂತೆ.
"ಮೋಟಾರು ಬಿಚ್ಚಿ ನಾಲ್ಕು ದಿನ ಹಾಳು ಮಾಡಿದೆ. ಯಾರಿಗೆ ಹೇಳಲಿ?
ಕೆಲಸ ನಿಂತದ್ದಕ್ಕೆ ಮೇಲಿನವರಿಗೆ ಗಾಳಿ ಅಂತ ಬರೆದೆ.
ಒಳಗೂ ಅದನ್ನೇ ಬರೆದೆ."

ಎರಡು ದಿನದ ಹಿಂದೆ ಹೇಳಬಾರದಿತ್ತೇ, ಅಂತ ಬಾಯಿ ತೆರೆದಿದ್ದೆ.
ನೇಲಿದಾಳ ಮೊಣಕೈ ಪಕ್ಕೆಗೆ ತಿವಿಯಿತು.
"ಬ್ರಶ್ಶು ಹೇಗೂ ಸವೆದಿತ್ತು," ಅಂದಳು,
ಅವನಿಗೆ ಕೇಳಲೆಂದು, ಗಟ್ಟಿಯಾಗಿ.

ಗುಂಡಿ ಒತ್ತಿದ್ದು ಅವನೇ.
ಹಲ್ಲು ಹಲ್ಲನ್ನು ಕಚ್ಚಿ, ಒಂದು ಸುತ್ತು ಭಾರ, ಎರಡನೆಯದು ಇನ್ನೂ ಭಾರ,
ಮೂರನೆಯದಕ್ಕೆ ಕರಿಹೊಗೆ ಕೆಮ್ಮಿ ಎದ್ದು ನಿಂತಿತು ಇಂಜಿನ್ನು.
ಹೊಗೆಯನ್ನು ಗಾಳಿ ಅಲ್ಲಿಂದಲ್ಲೇ ಎತ್ತಿಕೊಂಡು ಹೋಯಿತು.
ಹೊರಗೆ ಮಟಮಟ ಮಧ್ಯಾಹ್ನ.
ನನ್ನ ಟಾರ್ಚು ಇನ್ನೂ ಉರಿಯುತ್ತಿತ್ತು.