ಹೋಗುವುದಕ್ಕೆ ಮಾತ್ರ

ಬೆಳಿಗ್ಗೆ ಐದೂ ಮುಕ್ಕಾಲಕ್ಕೆ, ಕಾವೂರಿನಲ್ಲಿ,
ಟಿಕೇಟ್ ಮೆಶಿನಿನ ಬಟನ್ ಒತ್ತಿದರೆ
ಮೊದಲು ಬರುವುದು ತಾರೀಕು.
ಆಮೇಲೆ ನಾನು: ಕಂಡಕ್ಟರ್ ನಂಬ್ರ ನಾಲ್ಕು, ಯೆಪ್ತಾಹ ಅಮ್ಮನ್ನ.
ಆಮೇಲೆ ಒಟ್ಟು ಸೊನ್ನೆ ರೂಪಾಯಿ.
ಹದಿನೆಂಟು ವರ್ಷವಾಯಿತು
ಹೀಗೆ ದಿನಾ ಸೊನ್ನೆಯಿಂದ ಹೊರಟು.

ಬೋಂದೆಲ್, ಯೆಯ್ಯಾಡಿ, ಕೆಪಿಟಿ, ನಂತೂರು,
ಒಂದು ವಿಸಿಲಿಗೆ ನಿಲ್ಲಿಸಿ, ಎರಡಕ್ಕೆ ಬಿಟ್ಟು,
ಬೆಂದೂರ್‌ವೆಲ್, ಕಂಕನಾಡಿ, ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್.
ಕಾಲು ಫುಟ್‌ಬೋರ್ಡಿನಲ್ಲಿ.
ತಲೆ ಮಾತ್ರ ಮುಂದಿನ ತಿಂಗಳ ಹದಿನೈದರಲ್ಲಿ:
ಸೊಸೈಟಿಯ ಕಂತು, ಕೆಜಿಯಾಳ ನರ್ಸಿಂಗ್ ಫೀಸು.
ಅಲ್ಲಿಂದ ಹೊರಟರೆ ನೇರ ಹಿಂದಕ್ಕೆ,
ಅಪ್ಪನ ಹೆಂಚಿನ ಕಾರ್ಖಾನೆಯ ಗ್ರಾಚ್ಯುಟಿಯನ್ನು
ತಮ್ಮನಿಗೆ ಬಿಟ್ಟುಕೊಟ್ಟ ಆ ಮಧ್ಯಾಹ್ನಕ್ಕೆ.
ನಿನ್ನೆಯ ಟಿಕೇಟು ತೋರಿಸಿದ ಹುಡುಗರನ್ನು
ಕಾಲರು ಹಿಡಿದು ಇಳಿಸಿದವನು ನಾನು.
ನನ್ನನ್ನು ಯಾರೂ ಇಳಿಸಲಿಲ್ಲ.

ಮಂಗಳವಾರ, ಶುಕ್ರವಾರ ಯೆಯ್ಯಾಡಿಯಲ್ಲಿ
ಕಾರ್ಮಿನ್ ಬಾಯಿ ಹತ್ತುತ್ತಾರೆ.
ಮಳೆ ಇರಲಿ ಬಿಡಲಿ, ಹಸಿರು ಛತ್ರಿ.
ಕಂಕನಾಡಿ ಆಸ್ಪತ್ರೆಯಲ್ಲಿ ನಾಲ್ಕು ತಾಸು
ಅವರ ರಕ್ತ ತೊಳೆದು ಕೊಡುತ್ತಾರಂತೆ.
‘ಹೋಗಿ ಬರುವುದು ಒಟ್ಟಿಗೇ ಮಾಡ್ಲಾ ಬಾಯಮ್ಮ?’ ಎಂದಿದ್ದೆ ಒಮ್ಮೆ,
ತಮಾಷೆಗೆ. ನಮ್ಮ ಬಸ್ಸಿನಲ್ಲಿ ಅಂಥದ್ದೆಲ್ಲ ಇಲ್ಲ.
‘ಹೋಗುವುದಕ್ಕೆ ಮಾತ್ರ ಕೊಡು ಮಗ.
ಬರುವಾಗ ಬರುವಾಗಿನದ್ದು.’

ನಾನು ಮುಖ ಸಪ್ಪೆ ಮಾಡಿದೆ.
ಅವರು ನಕ್ಕರು, ನನ್ನ ಬೆರಳು ಹಿಡಿದು
ಎಡಗೈಯ ಉಬ್ಬಿದ ನರದ ಮೇಲಿಟ್ಟರು.
ಒಳಗೆ ಜೇನುಗೂಡು. ಗುಂಯ್ ಎನ್ನುವ ಜೇನುಗೂಡು.
‘ಇದು ಕೇಳ್ತಾ ಉಂಟಲ್ಲ, ಅಂದರೆ ಇವತ್ತು ದೇವರು ಕೊಟ್ಟಾಯ್ತು.’
‘ಹೆದರಿಕೆ ಆಗುದಿಲ್ವಾ?’
‘ಆಗ್ತದೆ. ರಾತ್ರಿ ಎರಡು ಗಂಟೆಗೆ ಆಗ್ತದೆ.
ಅದು ಎರಡು ಗಂಟೆಯದ್ದು. ಈಗ ಆರೂ ಮುಕ್ಕಾಲು.
ಬೂತಾಯಿಗೆ ಇವತ್ತು ರೇಟು ಇಳಿದಿದೆಯಂತೆ, ಕೇಳಿದೆಯಾ?’

ಅದೇ ದಿನ ನಂತೂರಿನಲ್ಲಿ ಲಾರಿ ಅಡ್ಡ ನಿಂತು
ಇಪ್ಪತ್ತು ನಿಮಿಷ ಎಲ್ಲಿಗೂ ಹೋಗಲಾಗಲಿಲ್ಲ.
ಡ್ರೈವರ್ ಗಂಗಾಧರ ಇಂಜಿನ್ ಆರಿಸಿದ.
ಆಗ ನೋಡಿದೆ:
ಕಣ್ಣು ಮುಚ್ಚಿ ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಕೊಂಡ ಹುಡುಗ,
ನನ್ನ ಶೂಗೆ ತಣ್ಣಗೆ ತೊಟ್ಟಿಕ್ಕುತ್ತಿದ್ದ ಮೀನಿನ ಬುಟ್ಟಿ,
ಬ್ಯಾರಿ ಅಜ್ಜ ಒಬ್ಬರು ಪಕ್ಕದವಳಿಗೆ ಕಡಿಮೆ ಬಿದ್ದ
ಎರಡು ರೂಪಾಯಿಯನ್ನು ಅವಳಿಗೆ ತಿಳಿಯದ ಹಾಗೆ
ನನ್ನ ಅಂಗೈಗೆ ಒತ್ತಿದ್ದು,
ಯಾರದ್ದೋ ಜಡೆಯ ಶಂಕರಪುರ ಮಲ್ಲಿಗೆ.
ಕರ್ತನೇ,
ಇವರೆಲ್ಲ ಹದಿನೆಂಟು ವರ್ಷ ಇಲ್ಲೇ ಇದ್ದರಾ?

ಕಳೆದ ಶುಕ್ರವಾರ ಯೆಯ್ಯಾಡಿಯಲ್ಲಿ ಛತ್ರಿ ಇರಲಿಲ್ಲ.
ನಾನು ಎರಡನೆಯ ವಿಸಿಲ್ ಊದಲಿಲ್ಲ.
ಗಂಗಾಧರ ಕನ್ನಡಿಯಲ್ಲಿ ನೋಡಿದ, ಏನೂ ಕೇಳಲಿಲ್ಲ.
ಅರ್ಧ ನಿಮಿಷ ಬಸ್ಸು ನಿಂತಲ್ಲೇ ಅದುರಿತು.
ಶನಿವಾರ ಉಣ್ಣಲಾಗಲಿಲ್ಲ.
ಭಾನುವಾರ ಬಲ್ಮಠದಲ್ಲಿ ಪ್ರಸಂಗ ಕಿವಿಗೆ ಬೀಳಲಿಲ್ಲ,
ಮನಸ್ಸಿನಲ್ಲೇ ಅವರನ್ನು ಹೂಳಿ, ಮಣ್ಣು ಹಾಕಿ ಬಂದೆ.

ಮಂಗಳವಾರ ಅವರು ಹತ್ತಿದರು.
‘ಮೆಶಿನ್ ಹಾಳಂತೆ ಮಾರಾಯ, ಸಂಜೆಗೆ ಹಾಕಿದ್ರು.
ನಿನಗೆಂತ ಆಯ್ತು? ಜ್ವರವಾ?’
ನಾಲ್ಕು ದಿನ. ಪೂರ್ತಿ ನಾಲ್ಕು ದಿನ
ಬರದೇ ಇದ್ದ ದುಃಖಕ್ಕೆ ಮುಂಗಡ ಕಟ್ಟಿದ್ದೆ,
ರಶೀದಿ ಕೂಡ ಇಲ್ಲ.

ಹಾಗೆಂದು ನಾನೇನೂ ಬದಲಾಗಿಬಿಡಲಿಲ್ಲ.
ಕಂತು ಹದಿನೈದಕ್ಕೇ ಇದೆ, ತಮ್ಮನಿಗೆ ಫೋನು ಮಾಡಿಲ್ಲ.
ರಾತ್ರಿ ಕಲೆಕ್ಷನ್ ಕಟ್ಟುವಾಗ ಏಳು ರೂಪಾಯಿ ಕಮ್ಮಿ,
ಕಿಸೆಯಿಂದ ಹಾಕಿದೆ. ಮೆಶಿನು ಮತ್ತೆ ಸೊನ್ನೆ.
ಮನೆಯಲ್ಲಿ ಸುವಾಸಿನಿ ಗಂಜಿ ಬಡಿಸಿ
ಒಣಮೀನಿನ ಚಟ್ನಿ ಮುಂದಿಟ್ಟಳು;
ಎಷ್ಟೋ ದಿನದ ಮೇಲೆ ಅದರ ಖಾರ ನಾಲಿಗೆಗೆ ತಾಗಿತು.

ಮಲಗುವ ಮೊದಲು ಮೂವರೂ ಪ್ರಾರ್ಥನೆಗೆ ಕೂತೆವು.
ಹುಟ್ಟಿದಾಗಿನಿಂದ ಹೇಳಿಕೊಂಡು ಬಂದದ್ದು,
ಬಾಯಿ ತನ್ನಷ್ಟಕ್ಕೆ ಓಡುತ್ತದೆ.
ಆಹಾರದ ಮಾತಿನ ಹತ್ತಿರ, ‘ಈ ಹೊತ್ತು’ ಎಂಬಲ್ಲಿ,
ಯಾರೋ ಒಂದು ವಿಸಿಲ್ ಊದಿದ ಹಾಗೆ ನಿಂತುಬಿಟ್ಟೆ.
ಮಗಳು ಒಂದು ಕಣ್ಣು ತೆರೆದು ನೋಡಿದಳು.
ನಿಂತಿರಲಿ ಸ್ವಲ್ಪ, ಇಳಿಯುವುದು ಇಳಿಯಲಿ.
ಎರಡನೆಯದ್ದು ಊದುವವನು
ಇವತ್ತು ನಾನಲ್ಲ.