ಅಸಲು

ಪಣಜಿಯ ಅಂಗಡಿಯಲ್ಲಿ ನಾನೂರ ತೊಂಬತ್ತೊಂಬತ್ತು ಎಣಿಸಿ
ತಂದದ್ದು. ಬಸ್ಸಿನುದ್ದಕ್ಕೂ ಗುರುಪಾದ
ಡಬ್ಬಿಯ ಪ್ಲಾಸ್ಟಿಕ್ಕು ಹರಿಯಗೊಡಲಿಲ್ಲ.
ಜುವಾರಿ ಸೇತುವೆ ಮೇಲೆ ಒಮ್ಮೆ ಮೂಸಿ ನೋಡಿದ, ಅಷ್ಟೇ.

ವಾಸ್ಕೋ ಮಾರ್ಕೆಟ್ಟಿನ ಫುಟ್‌ಪಾತಿನಲ್ಲಿ ಅದೇ ಆಟ
ಐವತ್ತು ರೂಪಾಯಿ, ಮಾರ್ಕರಿನಲ್ಲಿ ಹೆಸರು ಗೀಚಿ.
"ಬ್ಯಾಡ," ಅಂದಿದ್ದ ಅಪ್ಪ,
"ನಮ್ಮ ಮನ್ಯಾಗ ಒಂದರೆ ಅಸಲು ಇರ್ಲಿ."

ಬಂದರು ಕಟ್ಟುವ ಆಟ. ಕ್ರೇನು, ಗೋದಾಮು, ಅದಿರಿನ ಹಡಗು.
ಮಂಗೋರ್ ಗುಡ್ಡದ ನಮ್ಮ ಬಾಗಿಲಲ್ಲಿ ನಿಂತರೆ
ಕಾಣುವುದೂ ಅವೇ. ಅಪ್ಪ ಅಲ್ಲಿ
ಇಪ್ಪತ್ತೊಂದು ವರ್ಷ ಸಲಿಕೆ ಹಿಡಿದವ.
ತಮ್ಮನ ಬಂದರಿನಲ್ಲಿ ಕೆಂಪು ಧೂಳಿಲ್ಲ,
ಕೆಮ್ಮಿಲ್ಲ.

ಆಟವೆಲ್ಲ ಎಂದೋ ಒಳಗಿಳಿದು ಕೂತಿದೆ,
ಆದರೂ ದಿನವೂ ಕೇಳುತ್ತದೆ: ಮೂಲ ಡಿಸ್ಕ್ ಹಾಕಿ.
ಡ್ರೈವು ನಾಲಿಗೆ ಚಾಚುತ್ತದೆ. ಇಟ್ಟರೆ ನುಂಗಿ
ಹಿಟ್ಟಿನ ಗಿರಣಿಯಂತೆ ಗರಗರ ಅಂದು,
ಒಮ್ಮೆ ಮುಖ ನೋಡಿಕೊಂಡು
ಮತ್ತೆ ಇಡೀ ಸಂಜೆ ಅದರ ಗೊಡವೆಗೇ ಹೋಗುವುದಿಲ್ಲ.

ಈ ಪ್ರಶ್ನೆ ನನಗೆ ಗೊತ್ತು.
ಕಾಯ್ತಾನನ ಝೆರಾಕ್ಸ್ ಅಂಗಡಿಯಲ್ಲಿ ದಿನಕ್ಕೆ ನೂರು ಸಲ
ಗಾಜಿನ ಮೇಲೆ ಮಡಿಕೆ ಬಿಡಿಸಿ ಮಲಗಿಸುತ್ತೇನೆ
ಬೇರೆಯವರ ಹುಟ್ಟು, ಬೇರೆಯವರ ಮದುವೆ,
ಮುಚ್ಚಳ ಮುಚ್ಚಿ, ಬೆಳಕು ಹಾಯಿಸಿ.
ಮಾಮಲೇದಾರ ಕಚೇರಿಯಲ್ಲಿ ಅಪ್ಪನ ವಾಸದ ಕಾಗದ
ತಿರುವಿ ನೋಡಿದ ಗುಮಾಸ್ತ:
"ಒರಿಜಿನಲ್ ಖಂಯ್ ಆಸಾ?"
ಅಸಲನ್ನು ಟ್ರಂಕಿನ ಗೆದ್ದಲು ತಿಂದು ಎರಡು ಮಳೆಗಾಲ.
"ನಾ ಇಲ್ಲೇ ನಿಂತೀನಲ್ರಿ ಸಾಹೇಬ್ರ," ಅಂದ ಅಪ್ಪ.
ಗುಮಾಸ್ತ ಮುಂದಿನವರನ್ನು ಕರೆದ.

ಡಿಸ್ಕು ಕೆಟ್ಟದ್ದು ಅವ್ವನ ಅಕ್ಕರೆಯಿಂದ.
ಬೆರಳಿನ ಕಲೆ ಕಂಡು, ಪಾಪ ಹುಡುಗನ ಸಾಮಾನು ಅಂತ
ಪಾತ್ರೆ ಉಜ್ಜುವ ತಂತಿಯಲ್ಲಿ ಫಳಫಳ ತಿಕ್ಕಿಟ್ಟಳು.
ಅಂದಿನಿಂದ ನಾಲ್ಕು ಸಲ ಹಾಕಿದರೆ ಒಂದು ಸಲ ಒಪ್ಪುತ್ತಿತ್ತು,
ಆಮೇಲೆ ಹತ್ತಕ್ಕೆ ಒಂದು.

ಕಾಯ್ತಾನನ ಅಕ್ಕನ ಮಗ ಫೆಲಿಸಿಯೊ ಒಂದು ಭಾನುವಾರ
ಮಾಸ್ ಮುಗಿಸಿ, ಇಸ್ತ್ರಿ ಅಂಗಿಯಲ್ಲೇ ಗುಡ್ಡ ಹತ್ತಿ ಬಂದ.
ತೊಂಬತ್ನಾಲ್ಕಕ್ಕೆ ಬಂದು ನಿಂತಿತು ನಕಲು.
ಗುರುಪಾದ ಉಸಿರು ಬಿಡಲಿಲ್ಲ,
ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ.
ತೊಂಬತ್ತೈದು.
ಆಮೇಲೆ ಅವನು ಕಂಪ್ಯೂಟರಿನಲ್ಲಿ
ಇಲ್ಲದ ಒಂದು ಡ್ರೈವು ಮಾಡಿದ,
ಇಲ್ಲದ ಡ್ರೈವಿನ ಬಾಯಿಗೆ ಇಲ್ಲದ ಡಿಸ್ಕು ಇಟ್ಟ.
ಆಟ ನಂಬಿತು. ಗರಗರವೂ ಇಲ್ಲದೆ
ಬಂದರಿನ ದೀಪ ಹತ್ತಿದವು.

"ಇದು ಕಳವು ಅಲ್ಲೇನೋ?" ಅಂದೆ.
"ಯಾರದಕ್ಕಾ? ನಂದು ನಾನs ಕದಿಯಾಕ ಬರ್ತೈತೇನು?"
ಬಿಲ್ಲು ಹುಡುಕಿದೆ. ಬಿಸಿಗೆ ಅಚ್ಚಾಗುವ ಆ ನುಣುಪು ಕಾಗದ
ಸೆಕೆಗೆ ಪೂರಾ ಬಿಳಿಯಾಗಿತ್ತು,
ಅಂಗಡಿಯ ಹೆಸರಿಲ್ಲ, ತಾರೀಖಿಲ್ಲ.
ಆದರೆ ತಂದ ಮರುದಿನವೇ, ಚಾಳಿ ಬಿದ್ದ ಕೈ,
ನಾನೊಂದು ಝೆರಾಕ್ಸ್ ತೆಗೆದಿಟ್ಟಿದ್ದೆ.
ಅದರಲ್ಲಿ ನಮ್ಮ ನಾನೂರ ತೊಂಬತ್ತೊಂಬತ್ತು
ಇನ್ನೂ ಕಪ್ಪಗೆ, ದಪ್ಪಗೆ ಇದೆ.

ರಾತ್ರಿ ಅಪ್ಪ ತಮ್ಮನ ಬೆನ್ನ ಹಿಂದೆ ಬಂದು ನಿಂತ.
"ಈಗ ಏನೂ ಕೇಳೂದಿಲ್ಲೇನು ಅದು?"
"ಇಲ್ಲಪ್ಪ."
"ಏನೂ?"
ಒಂದು ಹಡಗು ಲಂಗರು ಎತ್ತುವ ತನಕ ನೋಡಿ
ಊಟಕ್ಕೆ ಎದ್ದ.

ಡಿಸ್ಕನ್ನು ಅವ್ವ ತವರಿನ ತಗಡಿನ ಮೇಲೆ
ಮೆಣಸಿನಕಾಯಿ ಒಣಹಾಕಿದ ಕಡೆ ದಾರ ಕಟ್ಟಿ ತೂಗಿಬಿಟ್ಟಳು.
ಬಿಸಿಲು ಬಿದ್ದರೆ ಗುಡ್ಡದ ಗೋಡೆಗಳ ಮೇಲೆಲ್ಲ
ಏಳು ಬಣ್ಣ ಓಡಾಡುತ್ತವೆ.
ಮೊದಲ ವಾರ ಕಾಗೆಗಳು ಹೆದರಿದವು.
ಈಗ ಒಂದು, ಪಕ್ಕದ ತಂತಿಯ ಮೇಲೆ ಕೂತು,
ಕತ್ತು ಓರೆ ಮಾಡಿ,
ಅದರಲ್ಲಿ ತನ್ನ ಮುಖ ನೋಡಿಕೊಳ್ಳುತ್ತದೆ.